ಮಡಿಸಿದ ತುದಿ

ಕೆಂಪು ಓಡುತ್ತಿದೆ, ಅದರ ಬಾಲ ಹಿಡಿದು ನೀಲಿ, ನೀಲಿಯನ್ನು ತಳ್ಳಿಕೊಂಡು ಹಸಿರು — ಗಾಜಿನ ಮೇಜಿನ ಮೇಲಿಟ್ಟ ಕೀಬೋರ್ಡಿನ ಗುಂಡಿಗಳ ಸಂದಿಯಲ್ಲಿ ಬೆಳಕು ಇರುವೆಸಾಲಿನ ಹಾಗೆ ಹರಿಯುತ್ತಿದೆ, ಹಸಿರು ಬಂದಾಗ ಮುಖ ತಿರುಗಿಸುತ್ತೇನೆ, ಹಸಿರು ಗುಂಡಿ ಸಾಕಾಗಿದೆ ನನಗೆ, ದಿನವಿಡೀ ಅಂಗೈ ಕೆಳಗೆ ಅದೇ, ಆಂಟಿ ಇದು ಗೇಮಿಂಗ್ ಕೀಬೋರ್ಡು, ಆಫೀಸ್ ಕೆಲಸಕ್ಕಾದ್ರೆ ಆ ಕಡೆ ಇದೆ ನೋಡಿ, ಯಾರಪ್ಪಾ ನಿನಗೆ ಆಂಟಿ, ಗೇಮಿಂದೇ ಬೇಕು, ಆಡೋಳು ನಾನೇ ಅಂದ್ಕೋ, ಏನೀಗ? ಅಂಗಡಿಯವನು ನಕ್ಕ, ಒತ್ತಿ ನೋಡಿ ಅಂದ, ಒತ್ತಿದೆ, ಟಕ್ — ಮೈ ಜುಮ್ಮೆಂದಿತು, ಸಣ್ಣ ಸದ್ದೇ, ಆದರೂ ಶೆಡ್ಡಿನಲ್ಲಿ ನನ್ನ ಪ್ರೆಸ್ಸು ಇಳಿದಾಗ ಧಡ್ ಅನ್ನುತ್ತದಲ್ಲ, ಅದರ ಮರಿ ಇದು. ತಗಡಿನ ತುಂಡು ಇಡು, ಕೈ ತೆಗೆ, ಎರಡೂ ಅಂಗೈಯಿಂದ ಎರಡು ಹಸಿರು ಗುಂಡಿ ಒಟ್ಟಿಗೆ ಒತ್ತು, ಧಡ್, ಡಬ್ಬಿಯ ಮುಚ್ಚಳ ಬಿತ್ತು, ಮತ್ತೆ ತುಂಡು ಇಡು — ಎರಡು ಕೈಯೂ ಗುಂಡಿಯ ಮೇಲಿದ್ದರೆ ಮಾತ್ರ ಅದು ಇಳಿಯುವುದು, ಅಚ್ಚಿನ ಕೆಳಗೆ ಕೈ ಉಳಿಯಬಾರದೆಂದೇ ಹಾಗೆ ಮಾಡಿದ್ದಾರೆ, ತಲೆ ಇದ್ದವನು ಮಾಡಿದ್ದನ್ನು ತಲೆ ಇಲ್ಲದ ನಮ್ಮ ಮೇಸ್ತ್ರಿ ಕೆಡಿಸಿದ, ಎಡಗಡೆಯ ಗುಂಡಿಯನ್ನು ಕರಿ ಟೇಪಿನಿಂದ ಅದುಮಿ ಕೂರಿಸಿದ, ಬಲಗೈ ಒಂದರಲ್ಲೇ ಪ್ರೆಸ್ಸು ಇಳಿಯಲಿ, ಎಡಗೈ ತುಂಡು ಇಡುತ್ತಲೇ ಇರಲಿ, ಬೇಗ ಬೇಗ — ಪಕ್ಕದ ಪ್ರೆಸ್ಸು, ನನ್ನ ಮಗಳದು. ಅಚ್ಚು ಕೈಯ ಮೇಲೆ ಇಳಿದಾಗಲೂ ಅವಳು ಕಿರುಚಲಿಲ್ಲ. ಎಡಗೈಯನ್ನು ಎದೆಗೆ ಅವುಚಿಕೊಂಡು ಅಮ್ಮ ಅಂದಳು, ಮೆಲ್ಲಗೆ, ಏನೋ ಎಲ್ಲೋ ಇಟ್ಟು ಮರೆತವಳ ಹಾಗೆ, ನಾನು ನೋಡಿದ್ದು ಕೈಯನ್ನಲ್ಲ, ನೋಡಲು ಆಗಲಿಲ್ಲ, ಗುಂಡಿಯನ್ನು ನೋಡಿದೆ, ಕರಿ ಟೇಪು, ಅದರ ತುದಿಯನ್ನು ಮಡಿಸಿ ಕಿವಿಯ ಹಾಗೆ ಬಿಟ್ಟಿತ್ತು, ತಪಾಸಣೆಯ ಸಾಹೇಬರು ಬಂದರೆ ಹಿಡಿದೆಳೆದು ಕಿತ್ತುಬಿಡಲು, ಫ್ಯಾನಿನ ಗಾಳಿಗೆ ಆ ಕಿವಿ ಅಲುಗಾಡುತ್ತಿತ್ತು. ಮೇಡಂ, ಮೇಡಂ, ಇದೇ ಕೊಡ್ಲಾ? ಇರಪ್ಪಾ, ಆಟದಲ್ಲಿ ನಡೆಯೋದು ಯಾವುದ್ರಲ್ಲಿ, ಎಡಗೈಲಿ ಮೇಡಂ, ಈ ನಾಲ್ಕು ಗುಂಡಿ, ಹೆಬ್ಬೆರಳಲ್ಲಿ ಹಾರೋದು, ಓಡೋಕೆ? ಓಡೋಕೆ ಈ ಮೂಲೇದು, ಕಿರುಬೆರಳಲ್ಲಿ ಒತ್ತಿ ಹಿಡ್ಕೊಂಡೇ ಇರ್ಬೇಕು, ಬಿಟ್ರೆ ನಿಂತುಬಿಡುತ್ತೆ. ನಾನು ಎಡಗೈಯ ಮೂರು ಬೆರಳು ಮಡಚಿದೆ, ಹೆಬ್ಬೆರಳು ತೋರುಬೆರಳು ಎರಡೇ ಉಳಿಸಿ ಗುಂಡಿಗಳ ಮೇಲಿಟ್ಟೆ, ನಡೆಯುವುದು ಸಿಗುತ್ತದೆ, ಹಾರುವುದು ಸಿಗುತ್ತದೆ, ಮೂಲೆ ಸಿಗುವುದಿಲ್ಲ, ಹಾಗಲ್ಲ ಮೇಡಂ, ಬೆರಳೆಲ್ಲಾ ಬಿಡಿಸಿ ಇಟ್ಕೊಳ್ಳಿ, ನನಗೆ ಗೊತ್ತು ಸುಮ್ನಿರಯ್ಯ ಎಂದು ರೇಗಿದೆ, ಅವನು ನನ್ನ ಕೈಯನ್ನು ನೋಡಿದ, ಮುಖ ನೋಡಿದ, ಆಮೇಲೆ ತಾನೇ ಒಳಗಿನಿಂದ ಇನ್ನೊಂದು ತಂದಿಟ್ಟು ಇದು ಮುಟ್ಟಿದ್ರೆ ಸಾಕು, ತುಂಬಾ ಮೆತ್ತಗಿದೆ ಅಂದ.

ಡಬ್ಬ ತೊಡೆಯ ಮೇಲೆ, ಬಸ್ಸು ಕುಲುಕುತ್ತದೆ, ಒಳಗೆ ಗುಂಡಿಗಳು ಸಣ್ಣಗೆ ಹಲ್ಲು ಕಡಿದಂತೆ ಕಟಕಟ ಅನ್ನುತ್ತವೆ, ಮಗಳು ಆಡುತ್ತಾಳೋ ಇಲ್ಲವೋ, ಕೈಯನ್ನು ಸ್ವೆಟರಿನ ತೋಳಿನಿಂದ ಹೊರಗೆ ತೆಗೆದರೆ ಸಾಕು, ಊಟಕ್ಕೂ ತೆಗೆಯುವುದಿಲ್ಲ, ನನ್ನೆದುರೂ ತೆಗೆಯುವುದಿಲ್ಲ, ನಾನು ಹೆತ್ತ ಕೈ ಕಣೇ ಅದು, ನನಗೇ ಮುಚ್ಚಿಡ್ತೀಯಾ? ಮೊನ್ನೆ ಗೆಳತಿ ಫೋನಿನಲ್ಲಿ ಬಾರೇ ಆಟಕ್ಕೆ, ನೀನಿಲ್ದೆ ದಿನಾ ಸೋಲ್ತಿದೀವಿ ಅಂತ ಗೋಗರೆದಳು, ಇವಳು ಕೀಬೋರ್ಡ್ ಹಾಳಾಗಿದೆ ಅಂದಳು, ಸುಳ್ಳು, ಆಗಲಿ, ನೆಪ ಅದಾದರೆ ನೆಪವನ್ನೇ ಕಿತ್ತುಹಾಕುತ್ತೇನೆ ಎಂದು ಹೊರಟವಳು ನಾನು. ಮೇಸ್ತ್ರಿಯ ಮೇಲೂ ಹೀಗೇ ಹೊರಟಿದ್ದೆ, ಆಸ್ಪತ್ರೆಯಿಂದ ನೇರ ಶೆಡ್ಡಿಗೆ, ಎಲ್ಲರೆದುರು, ನಿನಗೆ ಮುಚ್ಚಳದ ಲೆಕ್ಕ ಹೆಚ್ಚಾಯ್ತೇನೋ, ನನ್ನ ಮಗಳ ಬೆರಳು ತಿಂದ್ಯಲ್ಲೋ, ಅಕ್ಕಾ ನನ್ನ ತಾಯಾಣೆ ನಾನು ಟೇಪ್ ಹಾಕಿಲ್ಲ, ನಾನು ಹಾಕಿದ್ರೆ ಹರಿದು ಅಂಟಿಸಿ ಹೋಗ್ತೀನಿ, ಕಿವಿ ಮಡಚ್ತಾ ಕೂರೋಕೆ ನನಗೆ ಪುರುಸೊತ್ತಿದ್ಯಾ — ಫಟ್ ಎಂದು ಬಿಟ್ಟೆ, ಅವನ ಕೆನ್ನೆಯಲ್ಲಿ ನನ್ನ ಐದೂ ಬೆರಳು ಎದ್ದವು, ಐದೂ, ಸಂಜೆಯೇ ಅವನನ್ನು ಕೆಲಸದಿಂದ ತೆಗೆದರು, ಎಲ್ಲಿದ್ದಾನೋ, ಹಾಳಾಗಿ ಹೋಗಲಿ. ಸುದ್ದಿ ಕೇಳಿ ಮಗಳು ಅತ್ತಳು, ಬೆರಳಿಗೆ ಅಷ್ಟು ಅತ್ತಿರಲಿಲ್ಲ, ಅವರನ್ನ ಯಾಕಮ್ಮ ಹೊಡೆದೆ, ಅವರನ್ನ ಯಾಕೆ ಹೊಡೆದೆ ಎಂದು ಗೋಡೆಗೆ ತಿರುಗಿ ಮಲಗಿದಳು, ಎಂಥ ಮೆತ್ತನೆ ಮನಸ್ಸು ನೋಡು ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದಕ್ಕೆ, ಅವಳು ಹಾಗೆಯೇ, ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದೊಂದು ತುಂಡನ್ನೂ ಮಗು ಮಲಗಿಸುವಂತೆ ಇಡುತ್ತಿದ್ದಳು, ನಾನು ಪಕ್ಕದಿಂದ ರೇಗಿಸುತ್ತಿದ್ದೆ, ಲೇ ಬಸವನಹುಳು, ನನ್ನ ಮುಚ್ಚಳದ ಡಬ್ಬ ತುಂಬ್ತು, ನಿಂದು ತಳ ಮುಚ್ಚಿದ್ಯಾ ನೋಡು, ಸಾಲಿನವರೆಲ್ಲ ನಗುತ್ತಿದ್ದರು, ಅವಳೂ ನಗುತ್ತಿದ್ದಳು, ಇರಮ್ಮ ಒಂದಿನ ನಿನ್ನನ್ನ ಹಿಂದೆ ಹಾಕ್ತೀನಿ ಅನ್ನುತ್ತಿದ್ದಳು.

ಮನೆಯ ಕಿಟಕಿಯ ಬಿಸಿಲು ಮೇಜಿನ ಮೇಲೆ, ಡಬ್ಬ ಅವಳೇ ಬಿಚ್ಚಿದಳು, ಬಲಗೈಯಲ್ಲಿ, ಬೆಳಕು ಹೊತ್ತಿಕೊಂಡಿತು, ಅಯ್ಯೋ ಅಮ್ಮ, ಏನಿದು ಮದುವೆ ಮನೆ ಥರ, ನಕ್ಕಳಾ? ನಕ್ಕಳು, ನಾನು ಬಟ್ಟೆ ಮಡಿಸುವವಳ ಹಾಗೆ ನಟಿಸುತ್ತೇನೆ, ನೋಡಬಾರದು, ನೋಡಿದರೆ ಒಳಗೆ ಸೇರಿಸಿಕೊಂಡುಬಿಡುತ್ತಾಳೆ, ತೋಳು ಸರಿಯಿತು, ಕೈ ಬಂತು, ಗುಳ್ಳೆಯಂತೆ ಗುಲಾಬಿ ಬಣ್ಣದ ಮೂರು ಮೊಂಡುಗಳು, ಎರಡು ಬೆರಳು, ಟಕ್ ಟಕ್, ಪರದೆಯ ಮೇಲೆ ಹೆಲ್ಮೆಟ್ಟಿನ ಹುಡುಗಿ ನಡೆದಳು, ಹಾರಿದಳು, ದೇವರೇ ನಡೆದಳು, ಸಾಕು ಇಷ್ಟೇ ಸಾಕು, ಗೆಳತಿಯ ದನಿ ಸ್ಪೀಕರಿನಲ್ಲಿ ಓಡೇ, ಓಡೇ, ಹಿಂದೆ ಬಂದ್ರು, ಮೊಂಡುಬೆರಳು ಮೂಲೆಯ ಗುಂಡಿಗಾಗಿ ತಡಕಾಡುತ್ತದೆ, ಸಿಗುವುದಿಲ್ಲ, ಹೆಲ್ಮೆಟ್ಟಿನವಳು ಬಿದ್ದಳು, ಮತ್ತೆ ಬಿದ್ದಳು, ಈಗ ಕೈ ಒಳಗೆ ಹೋಗುತ್ತದೆ, ಹೋಯಿತು ಎಲ್ಲ — ಇಲ್ಲ, ಅಮ್ಮ ನಲ್ಲಿ ಪೈಪಿಗೆ ಸುತ್ತಿದ ಕರಿ ಟೇಪ್ ಉಳಿದಿದ್ಯಾ, ಯಾಕೇ, ಕೊಡಮ್ಮ ಬೇಗ, ಅಡಿಗೆಮನೆಯ ಡ್ರಾಯರಿನಿಂದ ನನ್ನ ಕೈಯೇ ತೆಗೆದುಕೊಡುತ್ತದೆ, ಹಲ್ಲಿನಲ್ಲಿ ಕಚ್ಚಿ ಹರಿಯುತ್ತಾಳೆ, ಮೂಲೆಯ ಗುಂಡಿಯನ್ನು ಅದುಮಿ ಅಂಟಿಸುತ್ತಾಳೆ, ಯೋಚಿಸಿ ಮಾಡಿದ್ದಲ್ಲ, ಬೆರಳಿಗೆ ರೂಢಿಯಾಗಿದೆ, ಇದನ್ನ ಒತ್ತಿಟ್ಟುಬಿಟ್ರೆ ಕೈ ಖಾಲಿ ಸಿಗುತ್ತೆ ಅಮ್ಮ, ಹೆಲ್ಮೆಟ್ಟಿನವಳು ಓಡುತ್ತಿದ್ದಾಳೆ, ಉಳಿದ ಎರಡು ಬೆರಳು ಟೇಪಿನ ತುದಿಯನ್ನು ಹಿಡಿದವು, ಮಡಿಸಿದವು, ಒಮ್ಮೆ ಒತ್ತಿದವು, ಕಿವಿ, ಶೆಡ್ಡಿನಲ್ಲಿ ಕಂಡ ಅದೇ ಕಿವಿ — ಈಗ ಬಸವನಹುಳು ಅನ್ನಮ್ಮ ನೋಡೋಣ, ಅನ್ನು, ಪರದೆಯನ್ನೇ ನೋಡುತ್ತಾ ನಗುತ್ತಿದ್ದಾಳೆ, ಮೇಸ್ತ್ರಿಯ ಕೆನ್ನೆ, ಪುರುಸೊತ್ತಿದ್ಯಾ ಅಕ್ಕಾ, ತಾಯಾಣೆ ಅಕ್ಕಾ, ಅವರನ್ನ ಯಾಕಮ್ಮ ಹೊಡೆದೆ, ನನ್ನ ಡಬ್ಬ ತುಂಬ್ತು, ನಿಂದು, ಏನಮ್ಮ ಸುಮ್ಮನಾಗ್ಬಿಟ್ಟೆ, ನಾನು ಬಾಯಿ ತೆರೆಯಬೇಕು, ಏನಾದರೂ ಅನ್ನಬೇಕು, ಅವಳ ಕೈ ಹೊರಗಿದೆ, ಅವಳು ನಗುತ್ತಿದ್ದಾಳೆ, ಹೆಲ್ಮೆಟ್ಟಿನವಳು ಓಡುತ್ತಲೇ ಇದ್ದಾಳೆ, ನಿಲ್ಲುವುದಿಲ್ಲ, ಫ್ಯಾನಿನ ಗಾಳಿ, ಕರಿ ಟೇಪು, ಮಡಿಸಿದ ತುದಿ, ಕಿವಿಯ ಹಾಗೆ, ಅಲುಗಾಡುತ್ತಿದೆ, ಅಲುಗಾಡುತ್ತಿದೆ