ಯಾವುದಕ್ಕಿಂತ?

ಗುಂಡ್ಲುಪೇಟೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ಶಿವರಂಜಿನಿಯ ಮುಂದೆ ಯಾರಾದರೂ ಬರೀ ‘ಬಿಗ್ಗರ್’ ಎಂದರೆ ಮುಗಿಯಿತು. “ಯಾವುದಕ್ಕಿಂತ? ‘ದ್ಯಾನ್’ ಎಲ್ಲಿ? ಒಂದೇ ಎತ್ತು ಕಟ್ಟಿ ಜೋಡೆತ್ತಿನ ಗಾಡಿ ಹೊಡೀತೀರಾ?” ಎಂದು ಸಿಡುಕುತ್ತಿದ್ದಳು. ರೆಸಾರ್ಟಿನಲ್ಲಿ ಕೆಲಸ ಮಾಡುತ್ತಾ ಪಾಠಕ್ಕೆ ಬರುವ ಮಲ್ಲಮ್ಮನಿಗಂತೂ ಈ ಬೈಗುಳ ದಿನಾ ತಪ್ಪಿದ್ದಲ್ಲ.

ಆ ಭಾನುವಾರ ಇಬ್ಬರೂ ಬಂಡೀಪುರದ ಸಫಾರಿ ಬಸ್ಸಿನಲ್ಲಿದ್ದರು. ದೂರದ ಮರದಡಿ ನಿಂತಿದ್ದ ಸಲಗವೊಂದು ನಿಧಾನವಾಗಿ ಬಸ್ಸಿನತ್ತ ನಡೆದು ಬಂತು. ಡ್ರೈವರ್ ಎಂಜಿನ್ ಆರಿಸಿದ.

“ಬಿಗ್ಗರ್...” ಎಂದಳು ಶಿವರಂಜಿನಿ. “ಬಿಗ್ಗರ್...”

“ಯಾವ್ದುಕ್ಕಿಂತ, ಮಿಸ್?” ಮಲ್ಲಮ್ಮ ಪಿಸುಗುಟ್ಟಿದಳು.

ಹೋಲಿಸಲು ಏನಾದರೂ ಸಿಕ್ಕೀತೆಂದು ಶಿವರಂಜಿನಿ ಕಿಟಕಿಯಲ್ಲಿ ಹುಡುಕಿದಳು. ಮರವಿರಲಿಲ್ಲ, ಬೆಟ್ಟವಿರಲಿಲ್ಲ, ಆಕಾಶವೂ ಇರಲಿಲ್ಲ. ಕಿಟಕಿಯ ತುಂಬ ಆನೆಯೊಂದೇ ಇತ್ತು.