ಗಾಯವಿಲ್ಲದ ಬೆರಳು

ಗಂಜಿಯ ಬಟ್ಟಲನ್ನು ಎರಡೂ ಕೈಯಲ್ಲಿ ಈಸಿಕೊಂಡ ಭಾವನ ಬೆರಳುಗಳ ಮೇಲೆ ಒಂದು ಗೀರೂ ಇರಲಿಲ್ಲ. ಹ್ವೈಚಿನ್ ಕಣ್ಣು ಕೆಳಗಿಳಿಸಿದಳು. ಆದರೆ ನೋಡಿದ್ದನ್ನು ನೋಡಿಯಾಗಿತ್ತು.

ಮಾವನ ಗೋರಿಯ ಪಕ್ಕ ಹುಲ್ಲಿನ ಗುಡಿಸಲು ಹಾಕಿಕೊಂಡು ಭಾವ ಬೋಲಿನ್ ಕೂತು ಎರಡು ವರ್ಷ ದಾಟಿತ್ತು. ಮಾಂಸವಿಲ್ಲ, ಮದ್ಯವಿಲ್ಲ, ಮೈಮೇಲೆ ಒರಟು ಸೆಣಬಿನ ಬಟ್ಟೆ. ಹೆತ್ತವರೊಡನೆ ಮಕ್ಕಳು ಹೇಗೆ ನಡೆಯಬೇಕೆಂದು ಹೇಳುವ ಹಳೆಯ ಗ್ರಂಥವನ್ನು ಅವನು ಸ್ವಂತ ನೆತ್ತರಲ್ಲಿ ನಕಲು ಮಾಡುತ್ತಿದ್ದಾನೆಂಬ ಸುದ್ದಿ ಜಿಲ್ಲೆಯ ಕಚೇರಿಗೂ ಮುಟ್ಟಿತ್ತು. ನಾಳೆ ಅಧಿಕಾರಿ ಬರುವವನಿದ್ದ. ಮೆಚ್ಚಿದರೆ ಮನೆಗೆ ಬಿಟ್ಟಿ ದುಡಿಮೆಯಿಂದ ವಿನಾಯಿತಿ. ಇಲ್ಲವಾದರೆ ಹ್ವೈಚಿನ್‌ಳ ಗಂಡ ದೆಶೆಂಗ್ ನದಿಯ ಏರಿ ಕಟ್ಟಲು ಹೋಗಬೇಕು. ಹಿಂದಿನ ವರ್ಷ ಊರಿಂದ ಹೋದ ಒಂಬತ್ತು ಮಂದಿಯಲ್ಲಿ ಐವರು ಮರಳಿದ್ದರು.

“ಏನಮ್ಮಾ ಹಾಗೆ ನೋಡ್ತೀಯಾ?”

“ಅಕ್ಷರ ಚೆನ್ನಾಗಿವೆ, ಭಾವ.”

“ಸುಮ್ನೆ ಅಲ್ಲ ಈ ಗ್ರಂಥ. ಗುರುಗಳು ಕೂತು ಹೇಳಿದ್ದು, ಶಿಷ್ಯ ಎದ್ದು ನಿಂತು ಕೇಳಿದ್ದು. ಒಬ್ಬ ದೊರೆ ಪುಸ್ತಕಗಳನ್ನೆಲ್ಲ ಸುಡಿಸಿದಾಗ ಇದನ್ನ ಗೋಡೆಯೊಳಗೆ ಬಚ್ಚಿಟ್ಟಿದ್ರಂತೆ.”

“ಬಚ್ಚಿಟ್ಟದ್ದು ಆಮೇಲೆ ಹೊರಗೆ ಬಂತಾ?”

ಗಂಜಿ ಕಲಕುತ್ತಿದ್ದ ಅವನ ಕೈ ನಿಂತಿತು.

ಆ ನೆತ್ತರು ಯಾವುದರದ್ದೋ ಎಂದು ಮನೆಗೆ ಬಂದವಳೇ ಕೋಳಿಗಳನ್ನು ಎಣಿಸಿದಳು. ಹನ್ನೊಂದೂ ಇದ್ದವು. ಬಾತುಗಳೂ ಇದ್ದವು. ಗಂಡನ ಕಿವಿಯಲ್ಲಿ ಭಾವನ ಬೆರಳಿನ ವಿಷಯ ಹೇಳಿದಾಗ ಅವನು ನಕ್ಕ. “ನಿನಗೆ ತೊಳೆದ ಅಕ್ಕೀಲೂ ಹುಳ ಕಾಣುತ್ತೆ. ಸುಮ್ನೆ ಬಾಯಿ ಮುಚ್ಕೊಂಡಿರು ಮಾರಾಯ್ತಿ, ನನ್ನ ಏರಿಗೆ ಕಳಿಸ್ಬೇಡ.”

ಸಂಜೆ ಅತ್ತೆ ಉಪ್ಪಿನ ಜಾಡಿಯ ಮುಂದೆ ನಿಂತು ಕೂಗಿದಳು. “ಏ ಹುಡುಗಿ, ಎಲೆಕೋಸು ತೆಗಿ ಬಾ.”

ತಿಂಗಳಿಂದ ಹೀಗೆಯೇ. ಅತ್ತೆ ಉಪ್ಪುನೀರಿಗೆ ಕೈ ಹಾಕುತ್ತಿರಲಿಲ್ಲ. ಬೆಳಿಗ್ಗೆ ಎದ್ದವಳೇ ಬಟ್ಟೆ ಮುಚ್ಚಿದ ಒಂದು ಪುಟ್ಟ ಬಟ್ಟಲು ಹಿಡಿದು ಗೋರಿಯ ಕಡೆ ಹೋಗುತ್ತಿದ್ದಳು. ಹ್ವೈಚಿನ್ ತಟ್ಟನೆ ಮುದುಕಿಯ ಅಂಗಿಯ ತೋಳನ್ನು ಮೇಲೆ ಸರಿಸಿದಳು. ಎಡಗೈಯ ಮೂರು ಬೆರಳಿಗೆ ಚಿಂದಿ ಸುತ್ತಿತ್ತು.

“ಅತ್ತೇ!”

“ಕಿರುಚಬೇಡ. ಹೆತ್ತವರು ಕೊಟ್ಟ ಮೈಗೆ ಗಾಯ ಮಾಡ್ಕೋಬಾರದು ಅಂತ ಆ ಪುಸ್ತಕದಲ್ಲೇ ಇದೆಯಂತೆ, ಅವನೇ ಓದಿ ಹೇಳಿದ. ಅವನ ಮೈ ಕೊಟ್ಟವಳು ನಾನು. ಹೆತ್ತವಳು ಇರೋವಾಗ ಅವನು ಯಾಕೆ ಚುಚ್ಚಿಕೋಬೇಕು?”

“ನಿಮ್ಮ ಮೈ ಕೊಟ್ಟವರು?”

“ಅವರು ಸತ್ತು ಮೂವತ್ತು ವರ್ಷ ಆಯ್ತು. ಯಾರು ಕೇಳ್ತಾರೆ?” ಅತ್ತೆ ಅಂಗಿಯ ತೋಳನ್ನು ಕೆಳಗೆ ಬಿಟ್ಟಳು. “ಮುದುಕೀ ನೆತ್ತರು, ತೆಳ್ಳಗೆ. ಎರಡು ಸಲ ತಿದ್ದಬೇಕಂತೆ.”

ಮರುದಿನ ಗುಡಿಸಲಲ್ಲಿ ಅಧಿಕಾರಿ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಆಮೇಲೆ ಹಾಳೆ ಬಿಟ್ಟು ಬೋಲಿನ್‌ನ ಕೈ ನೋಡಿದ. ಮೂರು ಬೆರಳಿಗೆ ಚಿಂದಿ ಸುತ್ತಿತ್ತು, ಚಿಂದಿಯ ಮೇಲೆ ಕಂದು ಕಲೆಗಳಿದ್ದವು. ನಿನ್ನೆ ಅತ್ತೆಯ ಬೆರಳಲ್ಲಿ ಕಂಡಿದ್ದ ಆ ಗಂಟು ಹ್ವೈಚಿನ್‌ಗೆ ಗುರುತು ಸಿಕ್ಕಿತು.

“ನೋವಿದೆಯಾ?” ಅಧಿಕಾರಿ ಕೇಳಿದ.

ಬೋಲಿನ್ ತಲೆ ತಗ್ಗಿಸಿದ. “ಅಪ್ಪನಿಗಾಗಿ, ಸ್ವಾಮಿ.”

ಅಧಿಕಾರಿ ಚಿಂದಿಯನ್ನೇ ನೋಡುತ್ತಿದ್ದ. ದೆಶೆಂಗ್ ಬಾಗಿಲ ಬಳಿ ನಿಂತಿದ್ದ.

ಅತ್ತೆ ಚಹಾ ತಂದಳು. ಬೆರಳುಗಳನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡಿದ್ದರೂ ಬಿಳಿ ಪಿಂಗಾಣಿ ಬಟ್ಟಲಿನ ಮೇಲೆ ಹೆಬ್ಬೆರಳಗಲದ ಕೆಂಪು ಗುರುತು ಹಸಿಯಾಗಿ ಹೊಳೆಯುತ್ತಿತ್ತು. ಅಧಿಕಾರಿ ತಿರುಗುವಷ್ಟರಲ್ಲಿ ಹ್ವೈಚಿನ್ ಮುಂದೆ ಬಂದು ಬಟ್ಟಲು ಈಸಿಕೊಂಡು, ತನ್ನ ಸೆಣಬಿನ ಅಂಗಿಯ ತೋಳಿನ ಅಂಚಿನಿಂದ ಅದನ್ನು ಒರೆಸಿದಳು. ಅಂಚನ್ನು ಒಳಗೆ ಮಡಚಿಕೊಂಡಳು. ಆಮೇಲೆ ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ತಲೆ ಬಾಗಿಸಿ, ಅವನ ಮುಂದೆ ಚಾಚಿದಳು.