ತಂಗಿಯ ಎದುರುಸೊಲ್ಲು

ಆ ಬೆಳಿಗ್ಗೆ ಗಾಳಿ ಒಂದು ಕಡೆ ಕೂರಲೊಲ್ಲದು. ಮೋಡವಿಲ್ಲ, ಮಳೆಯ ಸುಳಿವಿಲ್ಲ. ಆದರೂ ಬೀದಿಯ ತಗಡುಗಳೆಲ್ಲ ಹಲ್ಲು ಕಡಿದಂತೆ ಸದ್ದು ಮಾಡುತ್ತಿದ್ದವು. ತಂಗಿ ತನ್ನ ಹೊಲಿಗೆ ಅಂಗಡಿಯ ಬಾಗಿಲು ತೆಗೆಯಲಿಲ್ಲ. ನೇರವಾಗಿ ಪೇಟೆಯ ಕಡೆ ನಡೆದಳು. ಸಂಜೆಯೂ ಈ ಗಾಳಿ ಹೀಗೇ ಇದ್ದರೆ ಏನು ಗತಿ? ಅಣ್ಣನ ಮರಗೆಲಸದ ಶೆಡ್ಡಿಗೆ ಒಂದು ಕಡೆ ಗೋಡೆಯೇ ಇಲ್ಲ.

ಮರುದಿನ ಅಣ್ಣ ಆಸ್ಪತ್ರೆಗೆ ಸೇರಬೇಕಿತ್ತು. ಗಂಟಲಿನ ಆಪರೇಶನ್. ಜೀವಕ್ಕೆ ಭಯವಿಲ್ಲ, ದನಿಯ ಬಗ್ಗೆ ಮಾತ್ರ ಮಾತು ಕೊಡಲಾರೆ ಎಂದಿದ್ದರು ಡಾಕ್ಟರು. ಅಂದರೆ ಆ ದನಿಯನ್ನು ಹಿಡಿದಿಡಲು ಉಳಿದಿದ್ದು ಈ ಒಂದು ಸಂಜೆ. ದನಿ ಕೊಟ್ಟ ದೇವರು ವಾಪಸು ಕೇಳಿದರೆ ಕೊಡಲೇಬೇಕು, ಅವಳಿಗೂ ಗೊತ್ತು. ಆದರೆ ಕೊಡುವ ಮುಂಚೆ ಒಂದು ಗುರುತಾದರೂ ಇಟ್ಟುಕೊಳ್ಳಬಾರದೇ?

ಹೋದ ವಾರ ಅಣ್ಣನ ಹಾಡನ್ನು ಫೋನಿನಲ್ಲಿ ಹಿಡಿಯಲು ನೋಡಿದ್ದಳು. ಮನೆಗೆ ಬಂದು ಕೇಳಿದರೆ ಅಣ್ಣ ದನಿ ಎಳೆದಲ್ಲೆಲ್ಲ ಯಾರೋ ಕತ್ತರಿ ಆಡಿಸಿದಂತೆ ತುಂಡು ತುಂಡು.

ಅದನ್ನು ಕೇಳಿ ಪೇಟೆಯ ಮೈಕಿನ ಅಂಗಡಿಯವನು ತಲೆಯಾಡಿಸಿದ. "ಫೋನು ಮಾತಾಡೋಕೆ ಮಾಡಿದ್ದು ಅಕ್ಕ. ಯಾರಾದ್ರೂ ದನಿ ಎಳೆದ್ರೆ ಫ್ಯಾನಿನ ಸದ್ದು ಅಂದ್ಕೊಂಡು ಒರೆಸಿಹಾಕತ್ತೆ. ಇದನ್ನ ನೋಡಿ." ಗಾಜಿನ ಮೇಜಿನ ಮೇಲೆ ಒಂದು ಪೆಟ್ಟಿಗೆ, ನಾಲ್ಕು ಮೈಕು, ನಾಲ್ಕು ಸ್ಟ್ಯಾಂಡು, ಹಾವಿನ ಮರಿಗಳಂಥ ವೈರುಗಳನ್ನು ಹರಡಿದ. "ಒಬ್ಬೊಬ್ಬರಿಗೆ ಒಂದೊಂದು. ಸ್ಟುಡಿಯೋನೇ ಹೆಗಲಿಗೆ ಹಾಕ್ಕೊಂಡು ಹೋದ ಹಾಗೆ."

"ಇಷ್ಟೆಲ್ಲ ಮುಂದೆ ನಿಲ್ಲಿಸಿದ್ರೆ ನಮ್ಮಣ್ಣ ಎದ್ದು ಹಿತ್ತಲಿಗೆ ಹೋಗಿಬಿಡ್ತಾನೆ" ಎಂದಳು.

ಸುಳ್ಳಲ್ಲ. ಆ ಶೆಡ್ಡಿನ ಹಾಡಿಗೆ ಶುರು ಎಂಬುದೇ ಇರಲಿಲ್ಲ. ಅಣ್ಣ ಸಾಣೆಕಲ್ಲಿಗೆ ನೀರು ಚಿಮುಕಿಸಿ ಉಳಿ ಮಸೆಯಲು ಕೂರುತ್ತಿದ್ದ. ಉಳಿ ಹೋಗಿ ಬರುವ ಸದ್ದಿನಿಂದಲೇ ಎಲ್ಲೋ ಒಂದು ಕಡೆ ಹಾಡು ಏಳುತ್ತಿತ್ತು. ಅದಕ್ಕಾಗಿ ಗೆಳೆಯರು ತೀಡಬೇಕಾದ ಉಳಿಗಳನ್ನು ಊರೆಲ್ಲ ಹುಡುಕಿ ತರುತ್ತಿದ್ದರು. ಯಾರಾದರೂ "ಹಾಡಪ್ಪ" ಎಂದರೋ, ಮುಗಿಯಿತು. ಆ ದಿನ ಬಾಯಿಗೆ ಬೀಗ.

ಕೊನೆಗೆ ಅವಳು ಅಂಗೈಯಗಲದ ಒಂದು ರೆಕಾರ್ಡರ್ ಆರಿಸಿದಳು. ಅದರ ತಲೆಯ ಮೇಲೆ ಎರಡು ಪುಟ್ಟ ಮೈಕು. ಗಾಳಿಯ ಸದ್ದು ತಡೆಯಲು ತುಪ್ಪಳದ ಟೋಪಿ. ಬ್ಯಾಟರಿ ಎರಡು ಜೊತೆ. ಹೆಡ್‌ಫೋನ್ ಹಾಕಿಕೊಂಡು ಅಂಗಡಿಯವನನ್ನು ಬಾಗಿಲಾಚೆ ನಿಲ್ಲಿಸಿ ಗುನುಗಿಸಿದಳು. ಅವನ ಅಪಸ್ವರವೂ ಸ್ಪಷ್ಟವಾಗಿ ಕೇಳಿಸಿತು. ಆದರೂ ದಾರಿಯುದ್ದಕ್ಕೂ ಅದನ್ನೇ ತಿರುಗಿಸಿ ನೋಡುತ್ತ ಬಂದಳು. ಚಿಕ್ಕದನ್ನು ಆರಿಸಿ ತಪ್ಪು ಮಾಡಿದೆನೇ? ಎರಡನೇ ಸಲ ಕೇಳುವ ಹಾಗಿಲ್ಲವಲ್ಲ.

ಸಂಜೆಗೆ ಗಾಳಿ ತುಸು ತಗ್ಗಿತು. ಗೆಳೆಯರು ಒಬ್ಬೊಬ್ಬರಾಗಿ ಬಂದು ಉದ್ದನೆಯ ಕೆಲಸದ ಮೇಜಿನ ಸುತ್ತ ಕೂತರು. ಗೋಡೆಗೆ ಬಣ್ಣ ಬಳಿಯುವವನೊಬ್ಬನಿದ್ದ, ಎಲ್ಲರೂ ಅವನನ್ನು ಗುಡುಗಪ್ಪ ಎನ್ನುತ್ತಿದ್ದರು. ಅವನು ರೆಕಾರ್ಡರ್ ನೋಡಿ, "ಏನಮ್ಮ, ಬೆಕ್ಕಿನ ಮರಿ ಸಾಕಿದ್ದೀಯಾ? ಹಾಲು ಕುಡೀತಾ?" ಎಂದ.

"ನಿಮ್ಮ ಬಾಯಿ ಮುಚ್ಚಿಸೋಕೆ ತಂದಿದ್ದು ಗುಡುಗಣ್ಣ" ಎಂದಳು. ಅಣ್ಣ ನಕ್ಕ. ನಕ್ಕಿದ್ದು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

ಅವಳು ರೆಕಾರ್ಡರನ್ನು ಮೇಜಿನ ನಡುವೆ ಇಟ್ಟು ಗುಂಡಿ ಒತ್ತಿದಳು. ಕೆಂಪು ದೀಪ ಹೊತ್ತಿತು. ಹೆಡ್‌ಫೋನನ್ನು ತಲೆಗೂದಲ ಕೆಳಗೆ ಅಡಗಿಸಿಕೊಂಡು ಮೂಲೆಗೆ ಸರಿದಳು. ಉಳಿ ಕಲ್ಲಿನ ಮೇಲೆ ಹೋಯಿತು, ಬಂತು. ಅಣ್ಣನ ದನಿ ಮೆಲ್ಲನೆ ಎದ್ದಿತು.

ಅದರ ಬೆನ್ನಿಗೇ ಅವಳ ಕಿವಿಯಲ್ಲಿ ಬಂಡೆಗಳು ಉರುಳಿದವು.

ಗುಡುಗಪ್ಪನ ಅಂಗೈ ಮೇಜಿನ ಮೇಲೆ ತಾಳ ಹಾಕುತ್ತಿತ್ತು, ಉಳಿದವರ ಬೆರಳುಗಳೂ. ಎಷ್ಟು ವರ್ಷದಿಂದ ಆ ಮೇಜೇ ಅವರ ಮದ್ದಳೆ! ಅಂಗಡಿಯಲ್ಲಿ ಗಾಳಿಯ ಬಗ್ಗೆ ಯೋಚಿಸಿದ್ದಳು, ದೂರದ ಬಗ್ಗೆ ಯೋಚಿಸಿದ್ದಳು, ಮೇಜನ್ನು ಮರೆತಿದ್ದಳು. ಪ್ರತಿ ಪೆಟ್ಟೂ ಮರದೊಳಗಿಂದ ನೇರ ಯಂತ್ರಕ್ಕೆ ಏರಿ ಅಣ್ಣನ ದನಿಯನ್ನು ಮುಚ್ಚಿಹಾಕುತ್ತಿತ್ತು. ಒಂದು ಹಾಡು ಹಾಗೇ ಮುಗಿಯಿತು. ಎರಡನೆಯದು ಅರ್ಧದಲ್ಲೇ ಬಿರುಕು ಬಿಟ್ಟಿತು. ಅಣ್ಣ ನೀರು ಕುಡಿದ. ಇನ್ನೆಷ್ಟು ಉಳಿದಿದೆ ಆ ಗಂಟಲಲ್ಲಿ? ತಾಳ ನಿಲ್ಲಿಸಿ ಎನ್ನುವಂತಿಲ್ಲ. ತಾಳ ನಿಂತರೆ ಹಾಡೂ ನಿಲ್ಲುತ್ತದೆ. 'ದೇವರೇ, ದಾರಿ ತೋರಿಸು' ಎಂದುಕೊಂಡಳು.

ಅಣ್ಣನ ಕಣ್ಣು ಕಲ್ಲಿನ ಮೇಲಿದ್ದಾಗ ಎದ್ದು, ನೀರಿನ ಚೊಂಬು ತೆಗೆಯುವವಳಂತೆ ಯಂತ್ರವನ್ನೂ ಎತ್ತಿಕೊಂಡಳು. ಅಣ್ಣನ ಎದುರಿನ ಮರದ ದಿಮ್ಮಿಯ ಮೇಲೆ ಕೂತು, ತನ್ನ ಶಾಲನ್ನು ನಾಲ್ಕು ಮಡಿಕೆ ಮಾಡಿ ಮಡಿಲಲ್ಲಿ ಹಾಸಿ, ಅದರ ಮೇಲೆ ಯಂತ್ರವನ್ನು ಮಲಗಿಸಿದಳು. ಬಂಡೆಗಳು ದೂರ ಸರಿದವು. ಅಣ್ಣನ ಉಸಿರು ಕೂಡ ಕೇಳಿಸಿತು.

ಅವನು ಎತ್ತಿಕೊಂಡದ್ದು ಅವ್ವ ಕಲಿಸಿದ ಹಾಡು.

"ಹೊಳೆಯು ತುಂಬಿ ಹರಿದಿದೆ, ದೋಣಿ ಯಾರ ಕೈಲಿದೆ?"

ಕೇಳುವ ಸೊಲ್ಲು ಅಣ್ಣನದು, ಉತ್ತರ ಕೊಡುವ ಎದುರುಸೊಲ್ಲು ತಂಗಿಯದು. ಅವ್ವ ಹಂಚಿಕೊಟ್ಟಿದ್ದೇ ಹಾಗೆ. ಮದುವೆಯಾಗಿ ಅವಳು ದೂರದ ಊರಿಗೆ ಹೊರಟಾಗ ಅಣ್ಣ, "ನಿನ್ನ ಸೊಲ್ಲು ನನ್ನ ಹತ್ರ ಇರ್ಲಿ. ಬಂದಾಗ ಕೊಡ್ತೀನಿ" ಎಂದಿದ್ದ. ಗಂಡ ತೀರಿಕೊಂಡ ಮೇಲೆ ಅವಳು ಮರಳಿ ಬಂದಳು. ಅಷ್ಟರಲ್ಲಿ ಅಣ್ಣನಿಗೆ ಎರಡನ್ನೂ ತಾನೇ ಹಾಡುವುದು ರೂಢಿಯಾಗಿಹೋಗಿತ್ತು. ಅವಳು ಕೇಳಲಿಲ್ಲ, ಅವನಿಗೆ ನೆನಪಾಗಲಿಲ್ಲ. ಹಾಗೆಂದು ಅವಳು ತಿಳಿದಿದ್ದಳು.

ಇಂದೂ ಅವನೇ ಹಾಡುತ್ತಾನೆಂದು ಉಸಿರು ಬಿಗಿಹಿಡಿದು ಕೂತಳು. ತಾನು ಮಿಸುಕಿದರೂ ಮಡಿಲಿನ ಯಂತ್ರಕ್ಕೆ ಸದ್ದು.

ಅಣ್ಣ ಹಾಡಲಿಲ್ಲ. ಉಳಿ ಕಲ್ಲಿನ ಮೇಲೆ ಹೋಗಿ ಬರುತ್ತಲೇ ಇತ್ತು. ಗುಡುಗಪ್ಪನ ತಾಳ ಮೆತ್ತಗಾಯಿತು. ದನಿ ಹೋಯಿತೇ? ಇಲ್ಲೇ, ಈಗಲೇ? ತಲೆಯೆತ್ತಿದಳು.

ಅಣ್ಣ ಅವಳನ್ನೇ ನೋಡುತ್ತಿದ್ದ. ಮತ್ತೊಮ್ಮೆ, ಒಡೆದ ದನಿಯಲ್ಲೇ, "ದೋಣಿ ಯಾರ ಕೈಲಿದೆ?" ಎಂದು ಹಾಡಿ ನಿಲ್ಲಿಸಿದ.

"ನಂದು ಬೇಡ ಅಣ್ಣ. ನಿನ್ನ ದನಿ ಹಿಡೀಬೇಕು" ಎಂದಳು ಪಿಸುದನಿಯಲ್ಲಿ.

"ಇದು ನಿಂದು ಕಣೇ. ಬಹಳ ದಿನ ಇಟ್ಕೊಂಡೆ. ನಾಳೆ ನಾನಿದನ್ನ ಎಲ್ಲಿ ಇಡ್ಲಿ ಹೇಳು?" ಎಂದ ಅಣ್ಣ. ಎಂದವನು ಉಳಿಯನ್ನು ಪಕ್ಕಕ್ಕಿಟ್ಟು, ಒದ್ದೆ ಕೈಗಳನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು ಕಾದ.

ತನ್ನ ದನಿ ಬೀಳದಿರಲೆಂದು ಅವಳು ಯಂತ್ರಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ಹಾಡಿದಳು.

"ದಡವೇ ಕೈಯ ಚಾಚಿದೆ, ಬಾರೋ ನೀನು ಹೆದರದೆ."